ಲೀಲೆ, ಅಧ್ಯಾಸ ಮತ್ತು ಹಳೆಯ ವಿಡಿಯೊ ಗೇಮು

ಹಳೆಯ ವಿಡಿಯೊ ಗೇಮುಗಳು ಇಂದಿನವುಗಳಿಗಿಂತ ಉತ್ತಮವಾಗಿದ್ದವೇ ಎಂಬ ಪ್ರಶ್ನೆಯನ್ನು ಅಭಿರುಚಿಯ ವಿಷಯವೆಂದು ಬಗೆದು, ಅವರವರ ಇಷ್ಟಕ್ಕೆ ಬಿಟ್ಟುಬಿಡುವುದು ವಾಡಿಕೆ. ಆದರೆ ಹಳೆಯದೇ ಮೇಲು ಎನ್ನುವವರು ಕೇವಲ ತಮ್ಮ ಇಷ್ಟವನ್ನು ತಿಳಿಸುತ್ತಿರುವುದಿಲ್ಲ; ಒಂದು ಕಾಲದ ಆಟದಲ್ಲಿದ್ದ ಗುಣವೊಂದು ಇನ್ನೊಂದು ಕಾಲದ ಆಟದಲ್ಲಿ ಇಲ್ಲವಾಗಿದೆ ಎಂದು ಪ್ರತಿಪಾದಿಸುತ್ತಿರುತ್ತಾರೆ, ಮತ್ತು ಪ್ರತಿಪಾದನೆ ಎಂದಮೇಲೆ ಅದಕ್ಕೆ ಪ್ರಮಾಣ, ಎಂದರೆ ಸರಿಯಾದ ಅರಿವನ್ನು ಹುಟ್ಟಿಸುವ ಸಾಧನ, ಬೇಕಾಗುತ್ತದೆ. ನೆನಪು ಅಂಥ ಪ್ರಮಾಣವಾಗಬಲ್ಲುದೇ, ಆಟಕ್ಕೆ ಆಟದಾಚೆಗಿನ ಪ್ರಯೋಜನವೊಂದು ಅಂಟಿಕೊಂಡಾಗಲೂ ಅದು ಆಟವಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಭಾರತೀಯ ದರ್ಶನಗಳಿಗೆ ಹೊಸವಲ್ಲ. ವಿಡಿಯೊ ಗೇಮು ಹುಟ್ಟುವುದಕ್ಕೆ ಸಾವಿರ ವರ್ಷಗಳಿಗೂ ಹಿಂದೆಯೇ ಅವು ಬಿಗಿಯಾದ ತರ್ಕದೊಡನೆ ಚರ್ಚೆಗೊಳಗಾಗಿವೆ.

ಈ ವಿಚಾರವನ್ನು ನಗರದ ಗೇಮ್ ಪಾರ್ಲರುಗಳಿಗಿಂತ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಂಥ ಊರನ್ನು ಮುಂದಿಟ್ಟುಕೊಂಡು ನೋಡುವುದು ಹೆಚ್ಚು ಉಪಯುಕ್ತ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಮತ್ತು ಕಬ್ಬು ಬೆಳೆಯುವ, ಸಕ್ಕರೆ ಕಾರ್ಖಾನೆಯಿಂದ ಸುತ್ತಲಿನ ಊರುಗಳಿಗೆ ಪರಿಚಿತವಾದ ಈ ಭಾಗದ ಹಳ್ಳಿಗಳಲ್ಲಿ ಆಟದ ಇತಿಹಾಸದ ಹಲವು ಪದರಗಳು ಒಂದೇ ಮನೆಯಲ್ಲಿ ಒಟ್ಟಿಗೆ ಬದುಕಿವೆ. ಹುಣಿಸೆ ಬೀಜಗಳನ್ನು ಗುಳಿಯಿಂದ ಗುಳಿಗೆ ಹಂಚುತ್ತ ಆಡುವ ಅಳಗುಳಿ ಮನೆ ಮತ್ತು ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಅಜ್ಜಿಯ ತಲೆಮಾರಿಗೆ ‘ಹಳೆಯ ಆಟ’ವಾದರೆ, ಟಿ.ವಿ.ಗೆ ಜೋಡಿಸಿ ಕ್ಯಾಸೆಟ್ ತೂರಿಸಿ ಆಡುತ್ತಿದ್ದ ಮಾರಿಯೊ, ಕಾಂಟ್ರಾ ಮತ್ತು ನೋಕಿಯಾ ಫೋನಿನ ಹಾವಿನ ಆಟ ನಡುವಯಸ್ಸಿನವರಿಗೆ ಹಳೆಯವು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಆಡಿದ ವೈಸ್ ಸಿಟಿ ಮೂವತ್ತರ ಆಸುಪಾಸಿನವರಿಗೆ ಆಗಲೇ ಹಳೆಯದಾಗಿದೆ. ಅಮೆರಿಕ ಅಥವಾ ಜಪಾನಿನಲ್ಲಿ 1972ರ ಪಾಂಗ್, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಎಂದು ಹಂತಹಂತವಾಗಿ ನಡೆದ ಚರಿತ್ರೆ ನಮ್ಮ ಹಳ್ಳಿಗಳಿಗೆ ಆ ಕ್ರಮದಲ್ಲಿ ಬರಲಿಲ್ಲ. ಕವಡೆಯಿಂದ ಸ್ಮಾರ್ಟ್‌ಫೋನಿನವರೆಗಿನ ದಾರಿಯನ್ನು ಅನೇಕ ಕುಟುಂಬಗಳು ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಕ್ರಮಿಸಿದವು. ಆದ್ದರಿಂದ ಹಳತು ಎಂಬುದು ಆಟದ ಮೇಲೆ ಮುದ್ರಿತವಾದ ಇಸವಿಯಲ್ಲ, ಆಡಿದವನ ವಯಸ್ಸಿಗೂ ಆಟಕ್ಕೂ ಇರುವ ಸಂಬಂಧ ಎಂಬುದು ಇಲ್ಲಿ ಬೇರೆಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಈ ಸಂಬಂಧವೇ ಮೊದಲ ತೊಡಕು. ನ್ಯಾಯ, ಮೀಮಾಂಸೆ ಮೊದಲಾದ ಹೆಚ್ಚಿನ ದರ್ಶನಗಳು ಸ್ಮೃತಿಯನ್ನು, ಎಂದರೆ ನೆನಪನ್ನು, ಪ್ರಮಾಣಗಳ ಸಾಲಿಗೆ ಸೇರಿಸುವುದಿಲ್ಲ. ಜೈನ ತಾರ್ಕಿಕರು ಮಾತ್ರ ಅದನ್ನು ಪರೋಕ್ಷ ಪ್ರಮಾಣಗಳಲ್ಲಿ ಒಂದೆಂದು ಒಪ್ಪಿದ್ದಾರೆ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸವನ್ನು, ಎಂದರೆ ಒಂದರ ಧರ್ಮವನ್ನು ಮತ್ತೊಂದರ ಮೇಲೆ ಆರೋಪಿಸಿ ಕಾಣುವುದನ್ನು, ವಿವರಿಸುವಾಗ ನೆನಪಿಗೆ ವಿಶೇಷವಾದ ಪಾತ್ರ ಕೊಡುತ್ತಾರೆ: ಹಿಂದೆ ಎಲ್ಲೋ ಕಂಡ ಬೆಳ್ಳಿಯ ಹೊಳಪು ನೆನಪಿನ ರೂಪದಲ್ಲಿ ಬಂದು ಕಣ್ಣೆದುರಿನ ಕಪ್ಪೆಚಿಪ್ಪಿನ ಮೇಲೆ ತೋರುತ್ತದೆ, ಮತ್ತು ನೋಡುವವನು ಆ ಹೊಳಪನ್ನು ಚಿಪ್ಪಿನದೇ ಎಂದು ತಿಳಿಯುತ್ತಾನೆ. ಹಳೆಯ ಗೇಮಿನ ಬಗೆಗಿನ ಹಂಬಲಕ್ಕೆ ಇದಕ್ಕಿಂತ ನಿಖರವಾದ ವಿಶ್ಲೇಷಣೆ ದೊರೆಯುವುದು ಕಷ್ಟ. ಬೇಸಿಗೆ ರಜೆಯ ಬಿಡುವು, ಒಂದೇ ರಿಮೋಟಿಗಾಗಿ ಕಾದು ಕುಳಿತ ಅಣ್ಣತಮ್ಮಂದಿರು, ನಾಳೆಯ ಚಿಂತೆಯಿಲ್ಲದ ಮನಸ್ಸು, ಇವೆಲ್ಲ ಬಾಲ್ಯದ ಧರ್ಮಗಳು. ಅವು ನೆನಪಾಗಿ ಬಂದು ಎಂಟು ಬಿಟ್‌ಗಳ ಚಿತ್ರದ ಮೇಲೆ ಕೂರುತ್ತವೆ, ಮತ್ತು ದೊಡ್ಡವನಾದ ಆಟಗಾರ ಅವುಗಳನ್ನು ಮಾರಿಯೊ ಎಂಬ ಆಟದ ಗುಣಗಳೆಂದು ಭಾವಿಸುತ್ತಾನೆ. ಅಧ್ಯಾಸವೆಂದ ಮಾತ್ರಕ್ಕೆ ಆ ಸಂತೋಷ ಸುಳ್ಳಾಗಿತ್ತು ಎಂದಾಗುವುದಿಲ್ಲ, ಬೆಳ್ಳಿ ಎಲ್ಲಿಯೋ ನಿಜವಾಗಿ ಇದ್ದೇ ಇರುತ್ತದೆ; ಅದನ್ನು ಯಾವುದರ ಮೇಲೆ ಹೊರಿಸಲಾಗಿದೆ ಎಂಬುದರಲ್ಲಷ್ಟೇ ತಪ್ಪಿದೆ.

ನೆನಪು ಮರೆಮಾಚುವ ಸಂಗತಿಗಳೂ ಕಡಿಮೆಯಲ್ಲ. ‘9999 ಆಟಗಳು’ ಎಂಬ ಚೀಟಿ ಅಂಟಿಸಿದ ಅಗ್ಗದ ಕ್ಯಾಸೆಟ್ಟುಗಳಲ್ಲಿ ಬೆರಳೆಣಿಕೆಯಷ್ಟು ಆಟಗಳೇ ಮತ್ತೆ ಮತ್ತೆ ಬರುತ್ತಿದ್ದವೆಂಬುದು ಅವನ್ನು ಕೊಂಡವರಿಗೆಲ್ಲ ಗೊತ್ತಿದ್ದ ವಿಷಯ. ಅಟಾರಿ ಕಂಪನಿ 1982ರಲ್ಲಿ ‘ಇ.ಟಿ.’ ಚಲನಚಿತ್ರವನ್ನು ಆಧರಿಸಿ ಐದಾರು ವಾರಗಳಲ್ಲಿ ತಯಾರಿಸಿದ ಗೇಮು ಎಷ್ಟು ವಿಫಲವಾಯಿತೆಂದರೆ, ಮಾರಾಟವಾಗದ ಪ್ರತಿಗಳನ್ನು ಇತರ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು, 2014ರಲ್ಲಿ ಅವನ್ನು ಅಗೆದು ತೆಗೆದಾಗ ಅದು ಸುದ್ದಿಯಾಯಿತು. ಕೆಟ್ಟ ಆಟಗಳು ಹೀಗೆ ಮಣ್ಣುಪಾಲಾಗಿ, ಒಳ್ಳೆಯವು ಕೆಲವೇ ಉಳಿದಿರುವುದರಿಂದ, ಆರಿಸಿ ಉಳಿದ ಹಳತನ್ನು ಇನ್ನೂ ಆರಿಸಲಾಗದ ಹೊಸತಿನ ಜೊತೆ ತೂಗುವ ಅನ್ಯಾಯ ನಡೆಯುತ್ತದೆ. ಕಾಳಿದಾಸ ತನ್ನ ಮಾಲವಿಕಾಗ್ನಿಮಿತ್ರ ನಾಟಕದ ಪ್ರಸ್ತಾವನೆಯಲ್ಲಿ, ಕೃತಿಯ ವಯಸ್ಸನ್ನು ನೋಡಿ ಬೆಲೆ ಕಟ್ಟದೆ ಪರೀಕ್ಷಿಸಿ ಒಪ್ಪಬೇಕೆಂದು ಸೂತ್ರಧಾರನಿಂದ ಹೇಳಿಸಿದ್ದು ತನ್ನ ಕಾಲದ ಇಂಥ ಪ್ರೇಕ್ಷಕರನ್ನು ಉದ್ದೇಶಿಸಿಯೇ ಇರಬೇಕು.

ಆದರೆ ಎಲ್ಲವನ್ನೂ ಅಧ್ಯಾಸವೆಂದು ತಳ್ಳಿಹಾಕಿದರೆ ವಿಚಾರ ಅರ್ಧಕ್ಕೇ ನಿಲ್ಲುತ್ತದೆ. ನೆನಪಿನ ಹೊಳಪನ್ನು ಕಳೆದ ಮೇಲೂ ಆಟದಲ್ಲಿ ಏನಾದರೂ ಉಳಿಯುತ್ತದೆಯೇ ಎಂದು ತಿಳಿಯಲು ಆ ನೆನಪು ಇಲ್ಲದವರನ್ನು ನೋಡಬೇಕು. ಸೋವಿಯತ್ ಒಕ್ಕೂಟದ ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ರಚಿಸಿದ ಟೆಟ್ರಿಸ್ ಆಟದ 1989ರ ನಿಂಟೆಂಡೊ ಆವೃತ್ತಿಯನ್ನು, 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೆಯ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವ ಸ್ಥಿತಿಗೆ ಒಯ್ದ ಮೊದಲ ಮನುಷ್ಯನಾದನು. ತಾನು ಹುಟ್ಟುವುದಕ್ಕೆ ಎರಡು ದಶಕ ಮೊದಲು ಬಂದ ಆಟದ ಬಗ್ಗೆ ಆ ಹುಡುಗನಿಗೆ ಹಂಬಲಿಸಲು ಯಾವ ಬಾಲ್ಯವೂ ಇರಲಿಲ್ಲ. ಹಾಗಾದರೆ ಅವನನ್ನು ಹಿಡಿದಿಟ್ಟದ್ದು ಆಟದೊಳಗೇ ಇರುವ ಒಂದು ಗುಣವೆಂದು ಒಪ್ಪಬೇಕಾಗುತ್ತದೆ, ಮತ್ತು ಆ ಗುಣ ಯಾವುದೆಂದು ಹೇಳುವುದೇ ಈ ಚರ್ಚೆಯ ನಿಜವಾದ ಹೊರೆ.

ಇದಕ್ಕೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಬರುವ ಲೀಲೆಯ ವಿಚಾರ ನೆರವಾಗುತ್ತದೆ. ಯಾವ ಕೊರತೆಯೂ ಇಲ್ಲದ ಪರಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು, ಪ್ರಯೋಜನವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಸೂತ್ರಕಾರನು ಲೋಕದಲ್ಲಿ ಕಾಣುವ ಲೀಲೆಯನ್ನೇ ಉತ್ತರವಾಗಿ ಕೊಡುತ್ತಾನೆ. ಶಂಕರರು ಅದನ್ನು ವಿವರಿಸುತ್ತ, ಬಯಸಿದ್ದನ್ನೆಲ್ಲ ಪಡೆದ ರಾಜನು ಬೇರೆ ಯಾವ ಫಲವನ್ನೂ ಅಪೇಕ್ಷಿಸದೆ ಕ್ರೀಡೆಯಲ್ಲಿ ತೊಡಗುವುದನ್ನೂ, ಉಸಿರಾಟ ಹೊರಗಿನ ಉದ್ದೇಶವಿಲ್ಲದೆ ಸ್ವಭಾವದಿಂದಲೇ ನಡೆಯುವುದನ್ನೂ ನಿದರ್ಶನವಾಗಿ ಕೊಡುತ್ತಾರೆ. ಲೋಕದ ಕ್ರೀಡೆಯಲ್ಲಿ ಸೂಕ್ಷ್ಮವಾದ ಪ್ರಯೋಜನವನ್ನು ಯಾರಾದರೂ ಊಹಿಸಬಹುದು, ಈಶ್ವರನ ವಿಷಯದಲ್ಲಿ ಅದೂ ಇಲ್ಲ ಎಂಬ ಎಚ್ಚರವನ್ನೂ ಅವರು ಸೇರಿಸುತ್ತಾರೆ. ವೀರಶೈವ ಪರಂಪರೆಯಲ್ಲಿ ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಗೆ ಪ್ರಭುಲಿಂಗಲೀಲೆ ಎಂದು ಹೆಸರಿಟ್ಟದ್ದರ ಹಿಂದೆಯೂ ಯಾವುದಕ್ಕೂ ಅಂಟದೆ ಎಲ್ಲದರಲ್ಲೂ ತೊಡಗುವ ಈ ನಿಲುವೇ ಇದೆ. ಪಶ್ಚಿಮದಲ್ಲಿ ಬರ್ನಾರ್ಡ್ ಸೂಟ್ಸ್ ಎಂಬ ದಾರ್ಶನಿಕ 1978ರ ತನ್ನ ಗ್ರಂಥದಲ್ಲಿ, ಅನಗತ್ಯವಾದ ಅಡ್ಡಿಗಳನ್ನು ಸ್ವಇಚ್ಛೆಯಿಂದ ಮೈಮೇಲೆ ಹಾಕಿಕೊಂಡು ದಾಟುವ ಪ್ರಯತ್ನವೇ ಆಟ ಎಂದು ನಿರೂಪಿಸಿದನು. ಈ ಎರಡನ್ನೂ ಕೂಡಿಸಿದರೆ ಆಟಕ್ಕೆ ಎರಡು ಲಕ್ಷಣಗಳು ದೊರೆಯುತ್ತವೆ: ಅದರ ಫಲ ಅದರೊಳಗೇ ಇರಬೇಕು, ಮತ್ತು ಅದನ್ನು ಹಿಡಿಯುವ, ಬಿಡುವ ಸ್ವಾತಂತ್ರ್ಯ ಆಡುವವನಲ್ಲಿರಬೇಕು.

ಈ ಅಳತೆಗೆ ಒಡ್ಡಿದರೆ ಹಳೆಯದೆಲ್ಲ ನಿರ್ಮಲವಾಗಿ ಹೊರಬರುವುದಿಲ್ಲ. ಪಾರ್ಲರುಗಳ ಪೆಟ್ಟಿಗೆ ಯಂತ್ರಗಳು ನಾಣ್ಯ ನುಂಗುವುದಕ್ಕಾಗಿಯೇ ನಿರ್ಮಿತವಾದವು. ಆಟಗಾರ ಬೇಗ ಸೋತು ಮತ್ತೊಂದು ನಾಣ್ಯ ಹಾಕಲೆಂಬ ಲೆಕ್ಕಾಚಾರದಿಂದಲೇ ಅವುಗಳ ಕಾಠಿಣ್ಯ ನಿಗದಿಯಾಗುತ್ತಿತ್ತು, ಹಳೆಯ ಆಟಗಳು ಕಷ್ಟಕರವಾಗಿದ್ದುದನ್ನು ಅವುಗಳ ಹಿರಿಮೆಯೆಂದು ಹೊಗಳುವವರು ಇದನ್ನು ನೆನೆಯಬೇಕು. ಇನ್ನೂ ಹಿಂದಕ್ಕೆ ಹೋದರೆ ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವಿದೆ. ದಾಳಗಳ ಸದ್ದು ಕೇಳಿದೊಡನೆ ತನ್ನ ನಿರ್ಧಾರ ಮರೆತು ಸಭೆಗೆ ಓಡುವ ಜೂಜುಗಾರ, ಪರಿತಪಿಸುವ ಅವನ ಹೆಂಡತಿ ಮತ್ತು ತಾಯಿ, ಏರುವ ಸಾಲ, ಕೊನೆಗೆ ದಾಳವನ್ನು ಬಿಟ್ಟು ಹೊಲವನ್ನು ಉಳು ಎಂಬ ಬುದ್ಧಿಮಾತು, ಇವೆಲ್ಲ ಕುಕ್ಕುವಾಡದ ಸುತ್ತಲಿನ ರೈತರಿಗೆ ಇಂದು ಬರೆದುಕೊಟ್ಟಂತೆಯೇ ಕೇಳಿಸುತ್ತವೆ. ಕುಮಾರವ್ಯಾಸನ ಸಭಾಪರ್ವದಲ್ಲಿ ಧರ್ಮರಾಯನು ನೆತ್ತವಾಡಲು ಕುಳಿತದ್ದು ಆಟದ ಆನಂದಕ್ಕಲ್ಲ. ಕರೆ ಬಂದಾಗ ಹಿಂಜರಿಯಬಾರದೆಂಬ ಕಟ್ಟಿಗೆ ಸಿಕ್ಕಿ ಕುಳಿತನು, ಸೋತು ಎಲ್ಲವನ್ನೂ ಮರಳಿ ಪಡೆದ ಮೇಲೂ ಎರಡನೆಯ ಕರೆಗೆ ಮತ್ತೆ ಬಂದನು. ಬಿಟ್ಟೇಳಲಾಗದ ಆಟ ಎಷ್ಟೇ ಪ್ರಾಚೀನವಾಗಿರಲಿ ಅದು ಲೀಲೆಯ ಲಕ್ಷಣಕ್ಕೆ ಹೊಂದುವುದಿಲ್ಲ.

ಹೊಸ ಕಾಲದ ಗೇಮುಗಳಲ್ಲಿ ಬದಲಾಗಿರುವುದು ಈ ಕಟ್ಟಿನ ಸ್ವರೂಪ. ಮೊಬೈಲಿನ ಬಹುಪಾಲು ಜನಪ್ರಿಯ ಆಟಗಳು ಉಚಿತವಾಗಿ ದೊರೆಯುತ್ತವೆ, ಮತ್ತು ಅವುಗಳ ಆದಾಯ ಆಡುವವರಲ್ಲಿ ಒಂದು ಸಣ್ಣ ಭಾಗದವರು ಆಟದೊಳಗೆ ಮಾಡುವ ಖರೀದಿಯಿಂದ ಹಾಗೂ ಉಳಿದವರು ನೋಡುವ ಜಾಹೀರಾತಿನಿಂದ ಬರುತ್ತದೆ. ಆದ್ದರಿಂದ ಆಟಗಾರನನ್ನು ದಿನವೂ ಮರಳಿ ಕರೆತರುವುದು ಮತ್ತು ಹೋಗದಂತೆ ತಡೆಯುವುದು ವಿನ್ಯಾಸಕಾರರ ಮುಖ್ಯ ಕೆಲಸವಾಗುತ್ತದೆ. ಇಂದು ತಪ್ಪಿಸಿದರೆ ಕೈತಪ್ಪಿಹೋಗುವ ಬಹುಮಾನ, ಮುರಿಯಬಾರದ ದಿನಗಳ ಸರಪಣಿ, ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯಬೇಕಾದ ‘ಲೂಟ್ ಬಾಕ್ಸ್’ ಎಂಬ ಪೆಟ್ಟಿಗೆ, ಇವು ಆ ತಡೆಯ ಉಪಕರಣಗಳು. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ನ್ಯಾಯಾಲಯಗಳ ವಾದವೆಲ್ಲ ಬಹುಮಟ್ಟಿಗೆ ಆಟದಲ್ಲಿರುವುದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತ ನಡೆಯಿತು. ಅಕ್ಷಸೂಕ್ತದ ಪ್ರಶ್ನೆ ಅದಕ್ಕಿಂತ ಆಳವಾದದ್ದು: ಆಡುವವನಿಗೆ ಎದ್ದು ಹೋಗಲು ಆಗುತ್ತದೆಯೇ ಎಂಬುದು. ಆ ಪ್ರಶ್ನೆಯನ್ನು ಹಣ ಪಣಕ್ಕಿಡದ ಗೇಮುಗಳಿಗೂ ಕೇಳಬೇಕಾಗಿದೆ, ಏಕೆಂದರೆ ಅಲ್ಲಿ ಪಣಕ್ಕಿರುವುದು ಹುಡುಗರ ಹಗಲುರಾತ್ರಿಗಳು.

ದಿನನಿತ್ಯದ ‘ಟಾಸ್ಕ್’ ಮುಗಿಸಲೆಂದು ಫೋನು ಹಿಡಿಯುವವನು ಮಾಡುತ್ತಿರುವುದು ಆಟವನ್ನೇ ಅಲ್ಲ, ದುಡಿಮೆಯನ್ನು ಎಂದರೂ ತಪ್ಪಿಲ್ಲ. ಈ ನೆಲದ ಶರಣರು ದುಡಿಮೆಯನ್ನು ಕೀಳೆಂದು ಕಾಣಲಿಲ್ಲ, ಕಾಯಕವೆಂದು ಕರೆದು ಪೂಜೆಯ ಮಟ್ಟಕ್ಕೆ ಏರಿಸಿದರು; ಆದರೆ ಕಾಯಕದ ಜೊತೆಗೆ ದಾಸೋಹವನ್ನೂ, ಎಂದರೆ ದುಡಿಮೆಯ ಫಲ ಸಮುದಾಯಕ್ಕೆ ಸಲ್ಲಬೇಕೆಂಬ ನಿಯಮವನ್ನೂ ಇಟ್ಟರು. ಗೇಮಿನೊಳಗಿನ ದುಡಿಮೆಯಲ್ಲಿ ಲೀಲೆಯ ಸ್ವಾತಂತ್ರ್ಯವೂ ಇಲ್ಲ, ಕಾಯಕದ ಫಲವೂ ಇಲ್ಲ. ಅದರ ಫಲ ಆಡುವವನಿಗೂ ದಕ್ಕದೆ ಅವನ ಊರಿಗೂ ದಕ್ಕದೆ ಬೇರೆಲ್ಲಿಯೋ ಸಂದಾಯವಾಗುತ್ತದೆ. ಹೊಸ ಗೇಮುಗಳ ಮೇಲೆ ಹೊರಿಸಬಹುದಾದ ಅತ್ಯಂತ ಗುರುತರ ಆಪಾದನೆ ಇದು, ಮತ್ತು ಅದು ನೆನಪಿನ ಹಂಬಲವನ್ನು ಅವಲಂಬಿಸಿಲ್ಲ.

ಹಳೆಯ ಆಟಗಳಿಗೆ ಕೊನೆಯೊಂದು ಇತ್ತು ಎಂಬುದನ್ನು ಇಲ್ಲಿ ವಿಚಾರಿಸಬೇಕು. ಹಳ್ಳಿಯ ಆಟಗಳಿಗೆ ದೇಶ ಕಾಲಗಳ ಕಟ್ಟಳೆ ಇತ್ತು: ಆಷಾಢದ ಗಾಳಿಗೆ ಗಾಳಿಪಟ, ನಾಗರಪಂಚಮಿಗೆ ಜೋಕಾಲಿ, ಬೀದಿಯ ಲಗೋರಿ ಮತ್ತು ಚಿನ್ನಿದಾಂಡು ಕತ್ತಲಾಗುವವರೆಗೆ. ಮೊದಲ ವಿಡಿಯೊ ಗೇಮುಗಳ ಕೊನೆ ಬೇರೆ ರೀತಿಯದು. ಪ್ಯಾಕ್‌ಮ್ಯಾನ್ ಕೊನೆಯಿಲ್ಲದೆ ನಡೆಯಬೇಕಾದ ಆಟ. ಆದರೆ ಅದು ಹಂತಗಳನ್ನು ಎಣಿಸಲು ಬಳಸಿದ ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದ ಕಾರಣ 256ನೆಯ ಹಂತದಲ್ಲಿ ಪರದೆಯ ಅರ್ಧಭಾಗ ಅಸ್ತವ್ಯಸ್ತವಾಗಿ ಆಟ ನಿಂತುಹೋಗುತ್ತದೆ. ಈ ಅಂತ್ಯವನ್ನು ನಿರ್ಮಾಪಕನ ವಿವೇಕಕ್ಕೆ ಸಲ್ಲಿಸಲಾಗದು, ಅದು ಯಂತ್ರದ ಬಡತನದ ಫಲ. ಬೇಕೆಂದು ಇಡದ ಮಿತಿಯನ್ನು ಗುಣವೆಂದು ಎಣಿಸಬಹುದೇ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಆದರೆ ಮುಳುಗುವ ಸೂರ್ಯನೂ ಮಕ್ಕಳ ಹಿತವನ್ನು ಯೋಚಿಸಿ ಮುಳುಗುವುದಿಲ್ಲ, ಆದರೂ ಆ ಕತ್ತಲಿನಿಂದ ಮಕ್ಕಳು ಮನೆ ಸೇರುತ್ತಾರೆ. ಮಿತಿಯ ಗುಣವನ್ನು ಅದನ್ನು ಇಟ್ಟವನ ಉದ್ದೇಶದಲ್ಲಿ ಹುಡುಕದೆ ಅದು ಆಡುವವನಿಗೆ ಮಾಡಿಕೊಡುವ ಉಪಕಾರದಲ್ಲಿ ಹುಡುಕುವುದೇ ಸರಿ. ಕೊನೆಯುಳ್ಳ ಆಟ ಆಡುವವನನ್ನು ಅವನ ಉಳಿದ ಬದುಕಿಗೆ ಹಿಂದಿರುಗಿಸುತ್ತದೆ. ಯಂತ್ರದ ಬಡತನ ನೀಗಿದ ಮೇಲೆ, ಹಿಂದೆ ತಾನಾಗಿ ಒದಗುತ್ತಿದ್ದ ಈ ಉಪಕಾರವನ್ನು ಇಂದಿನ ನಿರ್ಮಾಪಕರು ಬೇಕೆಂದೇ ಮಾಡಬೇಕಾಗಿದೆ, ಹಲವರು ಮಾಡುತ್ತಿಲ್ಲ.

ಮಾಡುತ್ತಿರುವವರೂ ಇದ್ದಾರೆ, ಅವರನ್ನು ಮರೆತರೆ ಹೊಸತಿಗೆ ಅನ್ಯಾಯವಾಗುತ್ತದೆ. 2012ರ ‘ಜರ್ನಿ’ ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಆಟ. ಮರಳುಗಾಡಿನ ಆ ಪಯಣದಲ್ಲಿ ಹೆಸರಿಲ್ಲದ, ಮಾತಿಲ್ಲದ ಇನ್ನೊಬ್ಬ ಯಾತ್ರಿಕ ಜೊತೆಯಾಗುತ್ತಾನೆ, ಅವನು ಜಗತ್ತಿನ ಎಲ್ಲಿಯೋ ಕುಳಿತು ಆಡುತ್ತಿರುವ ನಿಜವಾದ ಮನುಷ್ಯ. ಮರಣ, ತೀರ್ಥಯಾತ್ರೆ, ಸಹಯಾನಗಳ ಬಗ್ಗೆ ಇಷ್ಟು ಧ್ಯಾನಸ್ಥವಾದ ಆಟ ನಾಣ್ಯದ ಪೆಟ್ಟಿಗೆಯ ಕಾಲದಲ್ಲಿ ಸಾಧ್ಯವಿರಲಿಲ್ಲ. 2020ರ ‘ದಿ ಲಾಸ್ಟ್ ಆಫ್ ಅಸ್ 2’ ದೃಷ್ಟಿ, ಶ್ರವಣ ಮತ್ತು ಚಲನೆಯ ಊನವುಳ್ಳವರೂ ಆಡುವಂತೆ 60ಕ್ಕೂ ಹೆಚ್ಚು ಸೌಕರ್ಯಗಳನ್ನು ಅಳವಡಿಸಿತು. ಹಳೆಯ ಆಟಗಳು ಇಂಥವರನ್ನು ಹೊರಗೇ ನಿಲ್ಲಿಸಿದ್ದವೆಂಬುದನ್ನು ಅವುಗಳ ಅಭಿಮಾನಿಗಳು ಹೇಳುವುದು ಅಪರೂಪ. ಪುಣೆಯ ಸಂಸ್ಥೆಯೊಂದು ರೂಪಿಸಿದ ‘ರಾಜಿ’ ಪುರಾಣಕಥೆಗಳನ್ನು ಗೇಮಿನ ಭಾಷೆಗೆ ತಂದಿತು. ಲಕ್ಷಣಗಳಿಂದ ಅಳೆದರೆ ಇವು ಲೀಲೆಗೆ ಹತ್ತಿರವಾದವು, ಅನೇಕ ಹಳೆಯ ಆಟಗಳಿಗಿಂತ ಹೆಚ್ಚು ಹತ್ತಿರವಾದವು.

ಹೀಗಿದ್ದರೂ ಒಂದು ವಿಷಯದಲ್ಲಿ ಹಳೆಯ ಆಟಗಳ ಪಕ್ಷ ಬಲವಾಗಿಯೇ ನಿಲ್ಲುತ್ತದೆ, ಅದು ಆಟದ ಅಸ್ತಿತ್ವಕ್ಕೆ ಸಂಬಂಧಿಸಿದ್ದು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧಗೊಂಡು, 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿದಾಗ ಅದೇ ಆಟ ಬಂದಿತೋ, ಅದರಂಥ ಇನ್ನೊಂದು ಬಂದಿತೋ? ‘ಅದೇ ಇದು’ ಎಂದು ಗುರುತಿಸುವ ಅರಿವನ್ನು ಪ್ರತ್ಯಭಿಜ್ಞೆ ಎನ್ನುತ್ತಾರೆ. ನೈಯಾಯಿಕರು ಅದರ ಬಲದಿಂದ ವಸ್ತು ಸ್ಥಿರವಾಗಿದೆ ಎಂದು ವಾದಿಸಿದರೆ, ಎಲ್ಲವೂ ಕ್ಷಣಿಕವೆನ್ನುವ ಬೌದ್ಧರು ಹೋಲಿಕೆಯನ್ನೇ ಒಂದೇತನವೆಂದು ತಪ್ಪಾಗಿ ಗ್ರಹಿಸಲಾಗುತ್ತಿದೆ ಎಂದರು. ಆಗಾಗ ನಕ್ಷೆ, ಆಯುಧ, ನಿಯಮಗಳನ್ನು ಬದಲಿಸುವ ಆನ್‌ಲೈನ್ ಆಟದ ವಿಷಯದಲ್ಲಿ ಬೌದ್ಧರ ಮಾತೇ ಸರಿಯೆನಿಸುತ್ತದೆ: ಕಳೆದ ವರ್ಷ ಆಡಿದ ಆಟ ಈಗ ಎಲ್ಲಿಯೂ ಇಲ್ಲ. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ ಕೊನೆಯಲ್ಲಿ ‘ದಿ ಕ್ರೂ’ ಗೇಮಿನ ಸರ್ವರುಗಳನ್ನು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರ ಬಳಿಯಿದ್ದ ಪ್ರತಿಗಳೂ ನಿರುಪಯೋಗಿಯಾದವು. ಹಳೆಯ ವಿಡಿಯೊ ಗೇಮುಗಳೂ ಪೂರ್ತಿ ಸುರಕ್ಷಿತವಲ್ಲ. ಅಮೆರಿಕದ ವಿಡಿಯೊ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮುಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಆದರೂ ಕ್ಯಾಸೆಟ್ಟು ಮತ್ತು ಯಂತ್ರ ಸುಸ್ಥಿತಿಯಲ್ಲಿದ್ದರೆ ಮಾರಿಯೊ 1985ರಲ್ಲಿ ಇದ್ದಂತೆಯೇ ಇಂದಿಗೂ ತೆರೆದುಕೊಳ್ಳುತ್ತದೆ, ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಾಗುವುದಿಲ್ಲ.

ಅದಕ್ಕಿಂತಲೂ ದೀರ್ಘವಾದ ಬಾಳ್ವೆ ಕನ್ನಡ ನಾಡಿನ ಆಟಗಳಿಗೆ ದೊರೆತಿದೆ. ಹಲವು ದೇಗುಲಗಳ ಜಗುಲಿಯ ಚಪ್ಪಡಿಗಳ ಮೇಲೆ ಕೊರೆದ ಚೌಕಾಬಾರ ಮತ್ತು ಹುಲಿ-ಕುರಿ ಆಟದ ಮನೆಗಳು ಇಂದಿಗೂ ಆಡಲು ಸಿದ್ಧವಾಗಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ, ಎಂದರೆ ಇಪ್ಪತ್ತು ಅಧ್ಯಾಯಗಳ ಭಾಗಗಳಲ್ಲಿ, ಕೊನೆಯದನ್ನು ಕ್ರೀಡೆಗಳಿಗೇ ಮೀಸಲಿಟ್ಟನು. ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ಮನೆ, ಕಾಯಿ, ನಿಯಮಗಳನ್ನು ಚಿತ್ರಸಹಿತ ದಾಖಲಿಸಿದರು. ದೇವತೆಗಳ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲೇ ಆಟದ ನಿಯಮಗಳಿಗೂ ಸ್ಥಾನ ಕೊಟ್ಟದ್ದು, ಆಟವನ್ನು ಅವರು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಸಾಕ್ಷಿ.

ಅರಸರ ಆಟಗಳಿಗೆ ದೊರೆತ ಈ ದಾಖಲೆ ಊರಿನ ಆಟಗಳಿಗೂ ದೊರೆಯಬೇಕು. ಅಳಗುಳಿ ಮನೆಯ ಎಣಿಕೆ, ಚೌಕಾಬಾರದ ಗರ, ಹುಲಿ-ಕುರಿಯ ನಡೆ ಊರಿಂದ ಊರಿಗೆ ಬದಲಾಗುತ್ತವೆ, ಕುಕ್ಕುವಾಡದ ಹಿರಿಯರು ಆಡುವ ಕ್ರಮ ಹರಿಹರದ ಕಡೆಯ ಕ್ರಮಕ್ಕಿಂತ ಭಿನ್ನವಾಗಿರಬಹುದು. ಅವು ಬಲ್ಲವರ ನೆನಪಿನಲ್ಲಷ್ಟೇ ಉಳಿದಿದ್ದರೆ ಅವರೊಡನೆಯೇ ಹೋಗುತ್ತವೆ. ದಾವಣಗೆರೆ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ಹಾವೇರಿ ಜಿಲ್ಲೆಯ ಜಾನಪದ ವಿಶ್ವವಿದ್ಯಾಲಯವೂ ಈ ನಿಯಮಗಳನ್ನು ಊರೂರಿನಿಂದ ಬರೆದಿಟ್ಟುಕೊಳ್ಳಲಿ, ಶಾಲೆಯ ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿ ಬರೆದು ತಂದುಕೊಡಲಿ, ಮತ್ತು ಬೆಂಗಳೂರಿನ ಗೇಮ್ ಸ್ಟುಡಿಯೊಗಳು ಅವನ್ನು ಕನ್ನಡದಲ್ಲಿ, ಇಂಟರ್‌ನೆಟ್ ಇಲ್ಲದೆಯೂ ಆಡಬಹುದಾದ, ಒಮ್ಮೆ ಕೊಂಡರೆ ಕೊಂಡವರಲ್ಲೇ ಉಳಿಯುವ ರೂಪದಲ್ಲಿ ಹೊರತರಲಿ.